ಒಂಟಿಕಾಲ ಮಾವನ ದೃಷ್ಟಿ

ನಮ್ಮ ಸೋದರಮಾವನಿಗೆ ಎರಡು ಕಾಲುಗಳಿವೆ. ಇದನ್ನು ಆಣೆ ಇಟ್ಟು ಹೇಳಬೇಕಾಗಿದೆ, ಏಕೆಂದರೆ ಮಹಾಲಕ್ಷ್ಮಿ ಲೇಔಟಿನ ಅವರ ಬೀದಿಯಲ್ಲಿ ಅರ್ಧ ಜನ ಇದನ್ನು ನಂಬುವುದಿಲ್ಲ! ಅವರು ಕಂಡಿರುವುದೆಲ್ಲ ಒಂದೇ ಕಾಲು. ಇನ್ನೊಂದು ಮಡಚಿಕೊಂಡು, ಪಾದ ತೊಡೆಗೆ ಒತ್ತಿಕೊಂಡು, ಪಂಚೆಯೊಳಗೆ ಮಾಯವಾಗಿರುತ್ತದೆ. ಕೈಗಳೆರಡೂ ತಲೆಯ ಮೇಲೆ ಮುಗಿದಿರುತ್ತವೆ. ಹಾಲಿನ ಬೂತಿನ ಮುಂದೆ ಹಾಗೆ, ಔಷಧದ ಅಂಗಡಿಯ ಮುಂದೆ ಹಾಗೆ, ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದರೆ ಬಾಗಿಲ ಹಿಂದೆಯೂ ಹಾಗೆಯೇ. ಈ ಭಂಗಿಯ ಹೆಸರು ವೃಕ್ಷಾಸನ. ಅತ್ತೆ ಇದಕ್ಕೆ ಇಟ್ಟಿರುವ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಒಮ್ಮೆ ಲಗ್ಗೆರೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ಒಂಟಿಕಾಲಲ್ಲೇ ನಿಂತಿದ್ದರಂತೆ. ಕಂಡಕ್ಟರ್ ನೋಡಿ ಮರುಗಿದ. "ಏಳಪ್ಪಾ, ಅಂಗವಿಕಲರ ಸೀಟು ಅದು, ಕಣ್ ಕಾಣಲ್ವಾ?" ಎಂದು ಒಬ್ಬ ಯುವಕನನ್ನು ಎಬ್ಬಿಸಿ ಇವರನ್ನು ಕೂರಿಸಿದ. ಮಾವ ಮರುಮಾತಿಲ್ಲದೆ ಕೂತರು. ತಮ್ಮ ಸ್ಟಾಪ್ ಬಂದಾಗ ಎರಡೂ ಕಾಲಿನಲ್ಲಿ ಟಪಟಪ ಇಳಿದು ಹೋದರು! ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ನಿಂತು ಮುಂದಿನ ಸ್ಟಾಪಿನವರೆಗೂ ಬೈದನಂತೆ.

ಇವರು ಯೋಗಿಯೇನಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ಸಮಮಟ್ಟಕ್ಕೆ ಕೂರಿಸುವುದು ಅವರ ಕೆಲಸವಾಗಿತ್ತು. ಗಾಜಿನ ಕೊಳವೆಯೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಲ್ಲುವುದನ್ನು ನೋಡುತ್ತಲೇ ಸರ್ವೀಸ್ ಕಳೆದವರು. ನಿವೃತ್ತಿಯಾದರೂ ಅಭ್ಯಾಸ ಬಿಡಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೇಲಿನ ಸೊಟ್ಟ ಫೋಟೋ ನೆಟ್ಟಗೆ ಮಾಡುತ್ತಾರೆ, ಆಮೇಲೆ ಕುಶಲ ವಿಚಾರಿಸುತ್ತಾರೆ. ವಿಜಯನಗರದ ನಮ್ಮ ಮನೆಯ ಕ್ಯಾಲೆಂಡರನ್ನು ಅವರು ಸರಿಮಾಡಿ ಹೋದ ಮೇಲೆ ಸೊಟ್ಟ ಕಾಣುವುದು ಗೋಡೆಯೇ!

ಒಂದು ದಿನ ಅವರು ನಮ್ಮ ಮನೆಯ ಫೋಟೋವನ್ನು ಸರಿಮಾಡಲು ಹೋಗಿ ಇನ್ನಷ್ಟು ಸೊಟ್ಟ ಮಾಡಿದರು. ನಾನು ನಕ್ಕೆ, ಅವರು ನಗಲಿಲ್ಲ. ಆ ವಾರವೇ ಅತ್ತೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು, ಜೊತೆಗೆ ನಾನೂ ಹೋದೆ. ಡಾಕ್ಟರು ಏನೇನೋ ಯಂತ್ರಗಳಲ್ಲಿ ಇಣುಕಿಸಿ, ಕಣ್ಣಿನ ನರ ಒಣಗುತ್ತಾ ಬಂದಿದೆ, ನೋಟ ಅಂಚಿನಿಂದ ಹೋಗುತ್ತಿದೆ, ಗ್ಲಾಕೋಮಾ ಎಂದರು.

"ಹೋಗಿರೋದು ವಾಪಸ್ ಬರಲ್ಲ ಸಾರ್. ಉಳಿದಿರೋದನ್ನ ಉಳಿಸ್ಕೊಳ್ಳೋಕೆ ನೋಡೋಣ."

"ಎಲ್ಲೀವರೆಗೆ ಉಳಿಯುತ್ತೆ?"

"ಹೇಳಕ್ಕಾಗಲ್ಲ. ಡ್ರಾಪ್ಸ್ ಮಾತ್ರ ತಪ್ಪಿಸ್ಬೇಡಿ."

ಯಂತ್ರ ಸೊಟ್ಟಗಿದ್ದರೆ ಕೆಳಗೆ ತಗಡು ಕೊಟ್ಟು ಎತ್ತರಿಸಿಕೊಂಡು ಬಂದ ಮನುಷ್ಯ ಇವರು. ಹೇಳಕ್ಕಾಗಲ್ಲ ಎನ್ನುವ ಉತ್ತರವನ್ನು ಏನು ಮಾಡಿಯಾರು? ಮನೆಗೆ ಬಂದು ಊಟ ಬಿಟ್ಟು ಕೂತರು. ಅತ್ತೆಯೇ ಪುಸಲಾಯಿಸಿ, ಮನಸ್ಸಿಗಾದರೂ ಸಮಾಧಾನವಾಗಲಿ ಎಂದು ಬೆಳಗಿನ ಹೊತ್ತು ಪಾರ್ಕಿನ ಯೋಗ ತರಗತಿಗೆ ಕಳಿಸಿದರು. ಅಲ್ಲೇ ಎಡವಟ್ಟಾಯಿತು.

ಪಾರ್ಕಿನ ಯೋಗದ ಟೀಚರಮ್ಮ ಎಲ್ಲರನ್ನೂ ಒಂಟಿಕಾಲಲ್ಲಿ ನಿಲ್ಲಿಸಿದರಂತೆ. ಎಲ್ಲರೂ ಓಲಾಡಿದರಂತೆ. ಆಗ ಆಕೆ, "ಅಲ್ಲಿ ಇಲ್ಲಿ ನೋಡ್ಬೇಡಿ. ಎದುರಿಗೆ ಯಾವ್ದಾದ್ರೂ ಒಂದು ಬಿಂದು ಹಿಡ್ಕೊಳ್ಳಿ. ಒಂದೇ ಕಡೆ ದೃಷ್ಟಿ ಇಟ್ರೆ ದೃಷ್ಟಿ ನಿಲ್ಲುತ್ತೆ. ದಿನಾ ಮಾಡಿ," ಎಂದರಂತೆ.

ದೃಷ್ಟಿ ನಿಲ್ಲುತ್ತೆ! ಆಕೆ ಹೇಳಿದ್ದು ನೋಟ ಕದಲದೆ ನಿಲ್ಲುತ್ತದೆ ಅಂತ. ಮಾವ ಕೇಳಿಸಿಕೊಂಡಿದ್ದು ಕಣ್ಣಿನ ದೃಷ್ಟಿ ಹೋಗದೆ ನಿಲ್ಲುತ್ತದೆ ಅಂತ. ಎರಡಕ್ಕೂ ಒಂದೇ ಪದ ಕೊಟ್ಟು ನಮ್ಮ ಭಾಷೆ ಕೈ ತೊಳೆದುಕೊಂಡಿದೆ, ಮಾವ ಏನು ಮಾಡಿಯಾರು? ಮನೆಗೆ ಓಡಿ ಬಂದು ನನಗೆ ಫೋನ್ ಮಾಡಿದರು. "ಡಾಕ್ಟ್ರಿಗೆ ಗೊತ್ತಿಲ್ಲ ಕಣೇ, ಇದಕ್ಕೆ ಉಪಾಯ ಇದೆ. ದಿನಾ ನಿಂತ್ರೆ ಸಾಕು!" ಆ ದನಿಯಲ್ಲಿದ್ದ ಖುಷಿ ಎಂಥದೆಂದರೆ, ಅದಲ್ಲ ಮಾವ ಅದರ ಅರ್ಥ, ಎಂದು ಹೇಳಲು ನನಗೆ ಬಾಯಿಯೇ ಬರಲಿಲ್ಲ. ಅತ್ತೆಗೂ ಬರಲಿಲ್ಲ. ನೀವಾಗಿದ್ದರೆ ಹೇಳುತ್ತಿದ್ದಿರಾ?

ಅಂದಿನಿಂದ ಅವರು ಮರವಾದರು. ಮರವಾದವರು ಸುಮ್ಮನಿರಬೇಕಲ್ಲ, ತತ್ತ್ವ ಹೇಳಲು ಶುರುಮಾಡಿದರು! "ಮರ ಯಾಕೆ ಬೀಳಲ್ಲ ಹೇಳು? ಬೇರಿರೋದ್ರಿಂದಲ್ಲ. ಅದಕ್ಕೆ ಎಲ್ಲಿಗೂ ಹೋಗೋ ಕೆಲ್ಸ ಇಲ್ಲ, ಅದಕ್ಕೆ."

"ನಿಮಗೂ ಇಲ್ಲ," ಎಂದರು ಅಡುಗೆಮನೆಯಿಂದ ಅತ್ತೆ. "ಹೋಗಿ ಕೊತ್ತಂಬರಿ ಸೊಪ್ಪು ತನ್ನಿ."

ಆದರೂ ಅವರು ಹೇಳಿದ ಒಂದು ಮಾತು ನನ್ನೊಳಗೆ ಕೂತುಬಿಟ್ಟಿದೆ. ನಿಂತಾಗ ಅವರ ಹಿಮ್ಮಡಿಯ ಹತ್ತಿರ ನರಗಳು ಒಂದೇ ಸಮ ಮಿಡುಕುತ್ತಿರುತ್ತವೆ. ಅದನ್ನು ತೋರಿಸಿ, ಅಲ್ಲಾಡ್ತಾ ಇದೀರಲ್ಲ ಮಾವ, ಎಂದು ಕೆಣಕಿದ್ದೆ. "ನಿಂತಿದೀನಿ ಅನ್ನೋದೇ ಸುಳ್ಳು ಕಣೇ," ಎಂದರು. "ಬೀಳ್ತಾನೇ ಇದೀನಿ. ಪ್ರತಿ ಸಲ ತಡ್ಕೊತಾ ಇದೀನಿ, ಅಷ್ಟೇ. ನೋಡೋರಿಗೆ ಅದು ನಿಂತ ಹಾಗೆ ಕಾಣುತ್ತೆ." ಅವತ್ತು ಕೊತ್ತಂಬರಿ ಸೊಪ್ಪನ್ನು ಅತ್ತೆ ತಾವೇ ಹೋಗಿ ತಂದರು.

ಕೆಂಗೇರಿಯಲ್ಲಿ ನಮ್ಮ ದೂರದ ನೆಂಟರೊಬ್ಬರು ತೀರಿಕೊಂಡಾಗ ಮಾವನನ್ನೂ ಕರೆದುಕೊಂಡು ಹೋಗಿದ್ದೆವು. ದೇಹ ಎತ್ತುವುದು ತಡವಾಗುತ್ತಿತ್ತು, ಜನ ಅಂಗಳದಲ್ಲಿ ಮೌನವಾಗಿ ನಿಂತಿದ್ದರು. ಇವರಿಗೆ ಬೆಳಗಿನ ಪಾಠ ತಪ್ಪಿಹೋಗಿತ್ತಲ್ಲ, ಹೆಣದ ತಲೆಯ ಬಳಿ ಉರಿಯುತ್ತಿದ್ದ ದೀಪದ ಮೇಲೆ ದೃಷ್ಟಿ ಇಟ್ಟು, ಕಾಲೆತ್ತಿ, ಕೈಮುಗಿದು ನಿಂತೇಬಿಟ್ಟರು! ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ಯಾರೂ ಬೈಯಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಇವರನ್ನು ಗೌರವದಿಂದ ನೋಡಿ, ಚಪ್ಪಲಿ ಬಿಟ್ಟು, ಗೋಡೆ ಹಿಡಿದುಕೊಂಡು ತಾವೂ ಒಂದು ಕಾಲು ಎತ್ತಿದರು. ಅವರನ್ನು ನೋಡಿ ಇನ್ನೊಬ್ಬರು ಎತ್ತಿದರು. ತೀರಿಕೊಂಡವರ ಮಗ ಓಡಿ ಬಂದು ಗಾಬರಿಯಿಂದ ಪಿಸುಗುಟ್ಟಿದ, "ಅಕ್ಕಾ, ಈ ಶಾಸ್ತ್ರ ನಾನೂ ಮಾಡ್ಬೇಕಾ?"

ನಗು ಬಂತು, ನಿಜ. ಆದರೆ ವಾಪಸ್ ಬರುವಾಗ ಕಾರಿನಲ್ಲಿ ಮಾವ, "ಆ ದೀಪದ ಸುತ್ತ ಜನ ಇದ್ರಾ? ನಂಗೆ ದೀಪ ಒಂದೇ ಕಾಣ್ತಿತ್ತು," ಎಂದರು. ಅಂಚೆಲ್ಲ ಹೋಗಿ ನಡುವೆ ಒಂದು ಕಿಂಡಿ ಮಾತ್ರ ಉಳಿದಿದೆ ಎಂದು ನಮಗೆ ಗೊತ್ತಾದದ್ದು ಹಾಗೆ.

ಈ ನಡುವೆ ಎದುರುಮನೆಯ ಜಗಳ ಶುರುವಾಯಿತು. ಮಾವನ ಮಹಡಿಯ ಎದುರಿಗೆ ಕಬ್ಬಿಣದ ವ್ಯಾಪಾರಿಯೊಬ್ಬರು ಎತ್ತರದ ಮನೆ ಕಟ್ಟಿಸುತ್ತಿದ್ದರು. ಮಾವ ಪ್ರತಿದಿನ ಬೆಳಿಗ್ಗೆ ಮಹಡಿ ಹತ್ತಿ, ಒಂಟಿಕಾಲಲ್ಲಿ ನಿಂತು, ಆ ಕಟ್ಟಡದ ಮೇಲೆ ನೆಟ್ಟ ಕಣ್ಣು ತೆಗೆಯದೆ ನೋಡುತ್ತಿದ್ದರು. ಅಲ್ಲಿ ಮರಳಿನ ಲಾರಿಯ ಟೈರು ಸಿಡಿಯಿತು. ಆಮೇಲೆ ಸಂಪು ಸೋರಿತು. ಮೇಸ್ತ್ರಿ ಹೇಳದೆ ಕೇಳದೆ ಊರಿಗೆ ಹೋದ. ಇವೆಲ್ಲ ಬೆಂಗಳೂರಿನಲ್ಲಿ ಮನೆ ಕಟ್ಟಿಸುವ ಎಲ್ಲರಿಗೂ ಆಗುವಂಥವೇ, ಆದರೆ ಎಲ್ಲರ ಎದುರಿಗೂ ನಮ್ಮ ಮಾವ ನಿಂತಿರುವುದಿಲ್ಲವಲ್ಲ! ಆ ಮನುಷ್ಯ ಬೀದಿಯಲ್ಲಿ ನಿಂತು ಕೂಗಿದರು.

"ಏನ್ ಸಾರ್, ದಿನಾ ನಮ್ಮನೆಗೆ ದೃಷ್ಟಿ ಹಾಕ್ತಿದೀರಾ?"

ಮಾವನಿಗೆ ಸಂತೋಷವಾಯಿತು. ತಮ್ಮ ಸಾಧನೆಯನ್ನು ಒಬ್ಬರಾದರೂ ಗುರುತಿಸಿದರಲ್ಲ! "ಹೌದು ಸಾರ್, ದಿನಾ ಹಾಕ್ತೀನಿ. ಒಂದ್ಸಲ ಇಟ್ಟ ದೃಷ್ಟಿ ಕದಲ್ಸಲ್ಲ. ನಿಮ್ಮ ಮನೆಯಿಂದ ನಂಗೆ ತುಂಬಾ ಒಳ್ಳೇದಾಗಿದೆ!"

ಮಾರನೆಯ ದಿನ ಆ ಕಟ್ಟಡದ ಮುಂದೆ ಬೂದುಗುಂಬಳಕಾಯಿ ನೇತಾಡಿತು. ಅದಕ್ಕೆ ಬರೆದ ಕೆಂಪು ನಾಲಿಗೆ, ಕೋರೆಹಲ್ಲು, ಮೀಸೆ, ದೊಡ್ಡ ದೊಡ್ಡ ಕಪ್ಪು ಕಣ್ಣು ಎಲ್ಲವೂ ನೇರವಾಗಿ ಮಾವನ ಮಹಡಿಯ ಕಡೆಗೆ! ಮಾವ ಅದನ್ನು ಕಂಡು ಹಿಗ್ಗಿಹೋದರು. ಬಿಳಿಯ ಕಾಯಿ, ಕಪ್ಪು ಕಣ್ಣು, ಇದಕ್ಕಿಂತ ಸ್ಪಷ್ಟವಾದ ಬಿಂದು ಎಲ್ಲಿ ಸಿಗಬೇಕು? ಅದನ್ನೇ ನೋಡುತ್ತಾ ಇನ್ನೂ ಹೆಚ್ಚು ಹೊತ್ತು ನಿಲ್ಲತೊಡಗಿದರು. ಆ ಮನುಷ್ಯ ಅದನ್ನು ತೆಗೆಸಿ ಇನ್ನೂ ದಪ್ಪನೆಯದನ್ನು ಕಟ್ಟಿಸಿದರು. ಮಾವ ಮಹಡಿಯಿಂದಲೇ, "ಥ್ಯಾಂಕ್ಸ್ ಸಾರ್! ಇದು ಇನ್ನೂ ಚೆನ್ನಾಗಿ ಕಾಣುತ್ತೆ!" ಎಂದು ಕೂಗಿದರು. ಪಾಪ, ಆ ಮನುಷ್ಯನ ಬಿ.ಪಿ. ಏರಿತಂತೆ.

ಆ ಮನೆ ಮುಗಿಯಿತು. ಗೃಹಪ್ರವೇಶಕ್ಕೆ ಬೀದಿಯವರನ್ನೆಲ್ಲ ಕರೆದು ಮಾವನ ಮನೆಯನ್ನು ಮಾತ್ರ ಬಿಟ್ಟರು. ಅದಾದ ಮೇಲೆ ಒಂದು ಭಾನುವಾರ ನಾನು ಹೋದಾಗ ಮಾವ ಮಹಡಿಯ ಮೇಲೆ ಕಾಲೆತ್ತಿ ನಿಂತಿದ್ದರು. ಹತ್ತಿರ ಹೋದೆ. ಹೆಜ್ಜೆಸದ್ದು ಕೇಳಿ, "ಬಾರೇ. ನೋಡು, ಇವತ್ತು ಮೀಸೆ ಕೂಡ ಕಾಣ್ತಿದೆ," ಎಂದರು.

ಎದುರಿಗೆ ಹೊಸ ಬಣ್ಣ ಹಚ್ಚಿದ ಗೋಡೆ. ಕುಂಬಳಕಾಯಿ ಎಲ್ಲಿಯೂ ಇರಲಿಲ್ಲ.

ಬಟ್ಟೆ ಒಣಹಾಕುತ್ತಿದ್ದ ಅತ್ತೆ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಕೆಳಗೆ ಕರೆದುಕೊಂಡು ಹೋದರು. "ಅದನ್ನ ತೆಗ್ದು ತುಂಬಾ ದಿನ ಆಯ್ತು," ಎಂದರು. "ಹೇಳಿದ್ರೆ ಕಾಲು ಇಳಿಸ್ಬಿಡ್ತಾರೆ ಕಣೇ. ಇಳಿಸಿದ್ರೆ ಮತ್ತೆ ಎತ್ತಲ್ಲ." ಹೇಳುತ್ತಾ ಸಿಂಕಿನಲ್ಲಿ ಆಗಲೇ ತೊಳೆದಿದ್ದ ಲೋಟವನ್ನು ಮತ್ತೆ ತೊಳೆದರು. ಇಲ್ಲದ ಕಾಯಿಯ ಮೀಸೆಯನ್ನು ಮಾವ ನಿಜಕ್ಕೂ ಕಾಣುತ್ತಿದ್ದರೋ, ನಮ್ಮ ಸಮಾಧಾನಕ್ಕೆ ಹೇಳುತ್ತಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮೊನ್ನೆ ಮತ್ತೆ ಹೋಗಿದ್ದೆ. ಈಗ ಮಾವ ಮಹಡಿಯ ಮೆಟ್ಟಿಲನ್ನು ಗೋಡೆ ಸವರಿಕೊಂಡು ಹತ್ತುತ್ತಾರೆ. ಅತ್ತೆ ಹಿಂದೆಯೇ ಇರುತ್ತಾರೆ, ಇಲ್ಲವೆಂಬಂತೆ ನಟಿಸುತ್ತಾ. ಅವತ್ತು ಮಾವ ಕಾಲೆತ್ತಿದರು, ಓಲಾಡಿದರು, ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಆಮೇಲೆ ಎರಡು ಕಾಲಿನ ಮೇಲೆ ಸುಮ್ಮನೆ ನಿಂತು ಬಹಳ ಮೆಲ್ಲಗೆ ಕೇಳಿದರು.

"ಬಿಂದು ಸಿಗ್ತಾ ಇಲ್ಲ ಕಣೇ. ಅಲ್ಲಿ ಏನೂ ಇಲ್ಲ, ಅಲ್ವಾ?"

"ಇಲ್ಲ ರೀ," ಎಂದರು ಅತ್ತೆ.

"ಯಾವಾಗಿಂದ?"

"ಇವತ್ತು ಬೆಳಿಗ್ಗೆ ತಾನೇ ತೆಗೆದ್ರು."

ಮಾವ ತಲೆಯಾಡಿಸಿದರು. ನಂಬಿದರೋ ಇಲ್ಲವೋ, ಒಂದೂ ಮುಖದಲ್ಲಿ ತೋರಲಿಲ್ಲ. "ಹಂಗಾದ್ರೆ ಇನ್ನೇನ್ ನೋಡ್ಲಿ?" ಎಂದರು. ಆ ಪ್ರಶ್ನೆ ಆಸನದ್ದಾಗಿರಲಿಲ್ಲ.

ಅತ್ತೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ತಂತಿಯ ಮೇಲೆ ಎಸೆದು, ಮಹಡಿಯ ಆ ತುದಿಗೆ ಹೋಗಿ, ಇವರ ಕಡೆ ತಿರುಗಿ ನಿಂತರು. "ನಾನಿಲ್ವಾ? ನನ್ನ ನೋಡಿ. ನಾನೆಲ್ಲೂ ಹೋಗಲ್ಲ."

ಮಾವ ಉಸಿರೆಳೆದುಕೊಂಡು ಕಾಲೆತ್ತಿದರು, ಕೈಗಳನ್ನು ತಲೆಯ ಮೇಲೆ ಜೋಡಿಸಿದರು. ಹಿಮ್ಮಡಿಯ ನರಗಳು ಮಿಡುಕಿದವು. ಮುಖದ ಮೇಲೆ ಸಣ್ಣ ನಗೆ ಬಂತು. ಅವರ ಕಣ್ಣು ನೆಟ್ಟಿದ್ದು ಅತ್ತೆಯ ಮೇಲಲ್ಲ. ಅತ್ತೆಯಿಂದ ಆಚೆಗೆ, ನೀರಿನ ಟ್ಯಾಂಕಿನ ಪಕ್ಕದ ಖಾಲಿ ಜಾಗದ ಮೇಲೆ. ಹೇಳಬೇಕೆಂದು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ, ಕಾಲುಂಗುರದ ಸದ್ದೂ ಆಗದ ಹಾಗೆ ಹೆಜ್ಜೆ ಎತ್ತಿಡುತ್ತಾ ಸರಿದು ಹೋಗಿ, ಅವರು ನೋಡುತ್ತಿದ್ದ ಜಾಗದಲ್ಲಿ ನಿಂತುಕೊಂಡರು.