ನಾನು ಬಿದ್ದಾಗ ತೆಗೆದ ಫೋಟೋ

ಮನೆಗೆ ಕ್ಯಾಮೆರಾ ಬಂದ ದಿನದಿಂದ ನನ್ನ ದರ್ಜೆ ಇಳಿದಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗದಗ-ಬೆಟಗೇರಿಯ ಶಾಲೆಗಳಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ನನ್ನನ್ನು ದಾರಿಯಲ್ಲಿ ಕಂಡವರು ಈಗಲೂ ನಿಂತು ನಮಸ್ಕಾರ ಮಾಡುತ್ತಾರೆ. ಮನೆಯ ಹೊಸ್ತಿಲು ದಾಟಿದರೆ ಮಾತ್ರ ನಾನು ಸ್ಕೂಟರ್ ಓಡಿಸುವವ, ಮೂರು ಕಾಲಿನ ಸ್ಟ್ಯಾಂಡ್ ಹೊರುವವ, ‘ಬ್ಯಾಟರಿ ಚಾರ್ಜಿಗೆ ಹಚ್ಚೀರಿಲ್ಲೋ?’ ಎಂದು ಕೇಳಿಸಿಕೊಳ್ಳುವವ. ಕ್ಯಾಮೆರಾ ನನ್ನ ಹೆಂಡತಿ ಸುಮಿತ್ರಾಳದು. ನೀರು, ಆರೋಗ್ಯ, ಜನರ ಹಕ್ಕು ಇಂಥ ಸಂಗತಿಗಳನ್ನು ಚಿತ್ರಗಳಲ್ಲಿ ಹೇಳುವುದು ಹೇಗೆಂದು ಹೆಣ್ಣುಮಕ್ಕಳಿಗೆ ಕಲಿಸುವ ಶಿಬಿರವೊಂದಕ್ಕೆ ಆಕೆ ಹೋಗಿ ಬಂದಳು. ಮೊಮ್ಮಕ್ಕಳ ಹುಟ್ಟುಹಬ್ಬದ ಫೋಟೋ ಚೆನ್ನಾಗಿ ಬರುತ್ತವೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಆಕೆ ತೆಗೆದ ಮೊದಲ ಫೋಟೋ ನಮ್ಮ ಮನೆಯ ಮುಂದಿನ ಗಟಾರದ್ದು. ಎರಡನೆಯದು ನನ್ನ ಊಟದ ತಾಟಿನದು.

ಆ ತಾಟಿನ ಕಥೆ ಹೇಳದೆ ಮುಂದೆ ಹೋಗಲಾರೆ. ನನಗೆ ರಕ್ತದೊತ್ತಡ ಇದೆ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನೂ ಕಡಿಮೆ ಮಾಡಿದ್ದೇನೆಂದೇ ನಂಬಿದ್ದೆ. ಸುಮಿತ್ರಾ ವಾದಕ್ಕೆ ಬರಲಿಲ್ಲ. ದಿನಾಲೂ ನಾನು ಊಟಕ್ಕೆ ಕೂತಾಗ ಮೇಲಿನಿಂದ ತಾಟಿನದೊಂದು ಫೋಟೋ ತೆಗೆದಳು. ರೊಟ್ಟಿಯ ಪಕ್ಕ ಮಾವಿನ ಉಪ್ಪಿನಕಾಯಿ, ಅದರ ಪಕ್ಕ ಕೆಂಪು ಚಟ್ನಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಮತ್ತೆ ‘ರುಚಿಗೆ’ ಎಂದು ನಾನು ಹಾಕಿಸಿಕೊಂಡ ಇನ್ನೊಂದು ಹೋಳು ಉಪ್ಪಿನಕಾಯಿ. ಆ ಫೋಟೋಗಳನ್ನೆಲ್ಲ ಸಾಲಾಗಿ, ಜಿಲ್ಲೆಯ ಹೆಣ್ಣುಮಕ್ಕಳೆಲ್ಲ ಬಂದು ನೋಡುವ ಶಿಬಿರದವರ ಪ್ರದರ್ಶನದ ಗೋಡೆಗೆ ಅಂಟಿಸಿಬಿಟ್ಟಳು. ಮುಖ ತೋರಿಸಿರಲಿಲ್ಲ ನಿಜ. ಆದರೆ ತಾಟಿನ ಅಂಚಿನಲ್ಲಿ ಕಾಣುವ ಹೊಟ್ಟೆಯ ಗುರುತು ಹಿಡಿಯುವವರು ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆಂದು ನನಗೆ ಆಮೇಲೆ ತಿಳಿಯಿತು. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಬಂದು, “ಮಾಸ್ತರ, ಉಪ್ಪಿನಕಾಯಿ ಕಡಿಮಿ ಮಾಡೀರೇನ್ರಿ?” ಎಂದು ಕಾಳಜಿಯಿಂದ ಕೇಳಿದಳು. ಶಿಗ್ಲಿಯ ಬೀಗರ ಮನೆಯ ಮದುವೆಯಲ್ಲಿ ಬಡಿಸುವವನು ನನ್ನ ಎಲೆಗೆ ಹಪ್ಪಳ ಹಾಕದೆ ಮುಂದೆ ಹೋದ. ಡಾಕ್ಟರ ಮಾತಿಗೆ ಬಗ್ಗದ ನಾನು ಈ ಫೋಟೋಗಳಿಗೆ ಬಗ್ಗಿದೆ.

ಹೀಗೆ ಹಾಸ್ಯ ಮಾಡುತ್ತೇನಾದರೂ, ಆಕೆ ಕೆಲಸ ಮಾಡುವ ರೀತಿ ನೋಡಿದರೆ ನನಗೆ ಹೆಮ್ಮೆ ಅನ್ನಿಸುತ್ತದೆ. ಯಾವ ಊರಿಗೆ ಹೋದರೂ ಮೊದಲ ಸಲ ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಕಟ್ಟೆಯ ಮೇಲೆ ಕೂತು ಅವರಿವರ ಕೂಡ ಮಾತಾಡುತ್ತಾಳೆ, ಚಹಾ ಕುಡಿಯುತ್ತಾಳೆ, ಎದ್ದು ಬರುತ್ತಾಳೆ. ಒಮ್ಮೆ ಶಿರಹಟ್ಟಿಯ ಕಡೆ ಕಲ್ಲು ಒಡೆಯುವ ಮುದುಕನೊಬ್ಬನನ್ನು ನೋಡಲು ಹೋಗಿದ್ದೆವು. ಧೂಳು ಕುಡಿದು ಕೆಮ್ಮು ಹಿಡಿದಿತ್ತು ಅವನಿಗೆ. ಎಲ್ಲ ಮಾತಾದ ಮೇಲೆ ಅವನು, “ಫೋಟೋ ಮಾತ್ರ ಬ್ಯಾಡ್ರಿ ತಂಗಿ” ಅಂದ. “ಆತ್ರಿ ಅಣ್ಣಾರ” ಎಂದು ಈಕೆ ಚೀಲದ ಜಿಪ್ಪು ಎಳೆದಳು. ಅಷ್ಟು ದೂರ ಸ್ಕೂಟರ್ ಓಡಿಸಿದ್ದ ನಾನು ಹಾದಿಯುದ್ದಕ್ಕೂ ಗೊಣಗಿದೆ. ಆಕೆ ಹಿಂದಿನ ಸೀಟಿನಿಂದ ಒಂದೇ ಮಾತು ಹೇಳಿದಳು: “ಅವರ ಮುಖ ಅವರದಲ್ಲೇನ್ರಿ?”

ಈಗ ನಾನು ಬಿದ್ದ ಸುದ್ದಿ. ಮುಂಡರಗಿ ತಾಲ್ಲೂಕಿನ ಒಂದು ಊರು. ಹೆಸರು ಬೇಡ, ಊರಿನವರು ಒಳ್ಳೆಯವರು. ಅಲ್ಲಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಊರಿಗೊಂದು ಫಿಲ್ಟರ್ ನೀರಿನ ಘಟಕ ಕಟ್ಟಿದ್ದಾರೆ. ಯಂತ್ರ ಕೆಟ್ಟಿದೆ, ಬಾಗಿಲಿಗೆ ಬೀಗ ಬಿದ್ದಿದೆ. ಅಲ್ಲಿ ಗಂಗವ್ವ ಎಂಬ ಅಜ್ಜಿ, ಅವಳ ಮೊಮ್ಮಗಳು ಸಾವಿತ್ರಿ. ಸಾವಿತ್ರಿ ಮುಂಡರಗಿಯ ಕಾಲೇಜಿಗೆ ಹೋಗುವ ಹುಡುಗಿ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ, ಮಾತಾಡುವಾಗ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ. ಆದರೆ ಅವಳ ಚಿಂತೆ ತನ್ನ ಹಲ್ಲಿನದಾಗಿರಲಿಲ್ಲ. ಅವಳಿಗೊಬ್ಬ ಪುಟ್ಟ ತಮ್ಮ. ಅವನಿಗಿನ್ನೂ ಹಾಲುಹಲ್ಲು. “ಅವು ಬಿದ್ದು ಹೊಸಾವು ಬರೂದ್ರಾಗ ಆ ಬೀಗ ತೆಗಿಬೇಕ್ರಿ ಅಕ್ಕಾರ” ಎಂದು ಸುಮಿತ್ರಾಳ ಮುಂದೆ ಹೇಳಿದ್ದಳು. ಮುಂಡರಗಿಯಲ್ಲಿ ಶಿಬಿರದವರ ಚಿತ್ರ ಪ್ರದರ್ಶನ ನಡೆಯಲಿತ್ತು, ತಾಲ್ಲೂಕಿನ ಅಧಿಕಾರಿ ಬರುವವರಿದ್ದರು. ಅಲ್ಲಿ ಈ ಊರಿನದೊಂದು ಫೋಟೋ ಇರಬೇಕು, ಅದನ್ನು ನೋಡಿ ಅವರು ನಿಲ್ಲಬೇಕು ಎಂಬುದು ಸುಮಿತ್ರಾಳ ಹಟ.

‘ಬರುವ ರವಿವಾರ ಫೋಟೋ ತೆಗೆಯಲು ಬರುತ್ತೇವೆ’ ಎಂದು ಹೇಳಿ ಬಂದದ್ದೇ ತಪ್ಪಾಯಿತು. ಹೋಗಿ ನೋಡುತ್ತೇನೆ, ಓಣಿಗೆ ಓಣಿಯೇ ಲಕಲಕ ಅನ್ನುತ್ತಿದೆ! ಗಟಾರ ಬಳಿದು ಸ್ವಚ್ಛ ಮಾಡಿದ್ದಾರೆ. ಅಂಗಳಗಳನ್ನು ಸೆಗಣಿ ಹಾಕಿ ಸಾರಿಸಿ ಅಂಗಳದ ತುಂಬ ರಂಗೋಲಿ ಬಿಡಿಸಿದ್ದಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡಗಳು ಕಣ್ಣು ಕುಕ್ಕುತ್ತಿವೆ. ಹೆಂಗಸರೆಲ್ಲ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟಿದ್ದಾರೆ. ಎಲ್ಲಕ್ಕೂ ಕಳಸವಿಟ್ಟಂತೆ ಗಂಗವ್ವ ಯಾರದೋ ಅಂಗಡಿಯಿಂದ ಫಿಲ್ಟರ್ ನೀರಿನ ಕ್ಯಾನೊಂದನ್ನು ಎರವಲು ತಂದು, ಅದಕ್ಕೊಂದು ಸೇವಂತಿ ಹಾರ ಹಾಕಿ, ಬಾಗಿಲ ಮುಂದೆ ಸ್ಟೂಲಿನ ಮೇಲೆ ಇಟ್ಟಿದ್ದಳು. ಊರಿನಲ್ಲಿ ಶುದ್ಧ ನೀರಿಲ್ಲ ಎಂದು ತೋರಿಸಲು ಬಂದ ನಮಗೆ ಶುದ್ಧ ನೀರಿನ ಪೂಜೆಯೇ ಕಂಡಿತು.

“ಗಂಗವ್ವ, ನಾವು ಬಂದಿದ್ದು ತ್ರಾಸ ತೋರಸಾಕ. ಇದನ್ನ ನೋಡಿದವರು ಏನಂತಾರ? ಇವರಿಗೆ ಏನ ಕಡಿಮಿ ಆಗೇತಿ ಅಂತಾರ” ಅಂದೆ ನಾನು, ಮಾಸ್ತರಿಕೆಯ ದನಿಯಲ್ಲಿ.

“ಮನಿಗೆ ಬರೋರ ಮುಂದ ಹೊಲಸು ಇಟಗೊಂಡು ಕುಂಡ್ರತೀವೇನ್ರಿ ಮಾಸ್ತರ?” ಅಂದಳು ಗಂಗವ್ವ. “ತ್ರಾಸ ನಮಗ ಐತಿ ಖರೆ. ಹಂಗಂತ ಹರಕ ಸೀರಿ ಉಟಗೊಂಡು ನಿಂದ್ರಬೇಕೇನು? ನೀವು ಫೋಟೋಕ ನಿಂತಾಗ ಹರಕಂಗಿ ಹಾಕ್ಕೊಂಡು ನಿಂತಿದ್ರೇನು?”

ಮದುವೆಯಾದ ಹೊಸತರಲ್ಲಿ ಗದಗದ ಸ್ಟುಡಿಯೋ ಒಂದರಲ್ಲಿ ನಾವಿಬ್ಬರೂ ತೆಗೆಸಿಕೊಂಡ ಫೋಟೋ ನೆನಪಾಯಿತು. ನನ್ನ ಮೈಮೇಲಿದ್ದ ಕೋಟು ಸ್ಟುಡಿಯೋದವನದು, ಕೈಗಡಿಯಾರ ಭಾವಮೈದುನನದು. ಆ ಗಡಿಯಾರ ಕಾಣಲೆಂದು ತೋಳು ಮಡಚಿ ಎದೆಯ ಹತ್ತಿರ ಹಿಡಿದುಕೊಂಡಿದ್ದೇನೆ. ನೋಡಿದವರು ಕೈ ಮುರಿದಿತ್ತೇನು ಎಂದು ಕೇಳುತ್ತಾರೆ. ಗಂಗವ್ವ ಎರವಲು ತಂದದ್ದು ನೀರಿನ ಕ್ಯಾನು ಮಾತ್ರ, ಸೀರೆ ಅವಳದೇ.

ಸುಮಿತ್ರಾಗೆ ಸ್ವಲ್ಪವೂ ಬೇಸರವಾಗಲಿಲ್ಲ. ಅವರು ಹೇಗೆ ಬಯಸಿದರೋ ಹಾಗೆಯೇ ಒಬ್ಬೊಬ್ಬರನ್ನೂ ನಿಲ್ಲಿಸಿ, ಸೆರಗು ಸರಿಮಾಡಿ, ಪ್ರೀತಿಯಿಂದ ಫೋಟೋ ತೆಗೆದಳು. ಎಲ್ಲರೂ ತುಟಿ ಬಿಗಿಹಿಡಿದು ನಿಂತಿದ್ದರು. ಕಡೆಗೆ ಓಣಿಯ ಹೆಂಗಸರೆಲ್ಲ ಸಾಲಾಗಿ ನಿಂತಾಗ ನಾನು, ಅವರ ಮುಖದ ಮೇಲೆ ಬೆಳಕು ಬೀಳಲೆಂದು ಬಿಳಿ ಥರ್ಮಾಕೋಲಿನ ಹಲಗೆ ಹಿಡಿದುಕೊಂಡು, ಆಕೆಯ ಕಿವಿಯಲ್ಲಿ ಪಿಸುಗುಟ್ಟಿದೆ: “ಒಂದ್ಸಲ ಹಲ್ಲು ತೋರಸ್ರಿ ಅನ್ನು. ಇಲ್ಲಂದ್ರ ನಾವು ಬಂದಿದ್ದು ದಂಡ.”

ಆಕೆ ಕ್ಯಾಮೆರಾದಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. “ಹಲ್ಲು ತೋರಸ್ರಿ ಅನ್ನಾಕ ಅವರೇನು ಸಂತಿಗೆ ಹೊಡಕೊಂಡು ಬಂದ ಎತ್ತೇನ್ರಿ? ಹಿಂದ ಸರೀರಿ, ನಿಮ್ಮ ನೆರಳು ಬೀಳಾಕತ್ತೈತಿ.”

ಹಿಂದೆ ಸರಿದೆ. ಎದುರಿಗೆ ಹಲಗೆ ಹಿಡಿದಿದ್ದ ನನಗೆ ಹಿಂದಿನ ಅಂಗಳ ಇನ್ನೂ ಒಣಗಿಲ್ಲವೆಂಬುದು ಹೇಗೆ ತಿಳಿಯಬೇಕು? ಹಸಿ ಸೆಗಣಿಯ ಮೇಲೆ ಕಾಲಿಟ್ಟದ್ದೊಂದೇ ನೆನಪು. ಒಂದು ಚಪ್ಪಲಿ ಮೇಲೆ ಹಾರಿ ಆ ಹೆಂಗಸರ ಮುಂದೆ ಬಿತ್ತು, ನಾನು ಕೆಳಗೆ ಬಂದೆ. ಬಿದ್ದದ್ದು ಎಲ್ಲಕ್ಕಿಂತ ದೊಡ್ಡ ರಂಗೋಲಿಯ ನಟ್ಟನಡುವೆ. ಥರ್ಮಾಕೋಲು ನನ್ನ ತಲೆಯ ಮೇಲೆ ಬಂದು ಎರಡು ಹೋಳಾಯಿತು. ಇಡೀ ಓಣಿ ಹೋ ಎಂದು ನಕ್ಕಿತು. ಮಾಸ್ತರನೊಬ್ಬ ಸೆಗಣಿಯಲ್ಲಿ ಕೂತದ್ದನ್ನು ನೋಡಿ ನಗಬಾರದೆಂದು ಎಷ್ಟು ತಡೆದುಕೊಂಡರೂ ಆಗದೆ ಬಾಗಿ ಬಾಗಿ ನಕ್ಕರು. ಹೆಂಡತಿ ಓಡಿ ಬಂದು ಎಬ್ಬಿಸುತ್ತಾಳೆಂದು ನಾನು ಕೈ ಚಾಚಿದೆ. ಆಕೆ ನನಗೆ ಬೆನ್ನು ಮಾಡಿಕೊಂಡು ಅವರ ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದಳು.

ಮನೆಗೆ ಬಂದು ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ, ಗಂಡನಿಗಿಂತ ಕ್ಯಾಮೆರಾ ಹೆಚ್ಚಾಯಿತೇ ಎಂದು ಕೇಳುವುದಕ್ಕೆ ಮಾತುಗಳನ್ನು ಜೋಡಿಸುತ್ತಿದ್ದೆ. ಆಕೆ ಕಂಪ್ಯೂಟರಿನ ಮುಂದೆ ಕೂತಿದ್ದಳು. “ಇಲ್ಲಿ ಬರ್ರಿ” ಅಂದಳು, ದನಿ ಒದ್ದೆಯಾಗಿತ್ತು. ಹೋಗಿ ನೋಡಿದೆ. ಇಳಕಲ್ ಸೀರೆ ಉಟ್ಟ ಅಷ್ಟೂ ಹೆಂಗಸರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾರೆ. ಮತ್ತು ಅಷ್ಟೂ ಜನ ಬಾಯಿ ಮುಚ್ಚಿಕೊಂಡಿದ್ದಾರೆ. ಒಬ್ಬಳು ಸೆರಗಿನಿಂದ, ಒಬ್ಬಳು ಅಂಗೈಯಿಂದ, ಗಂಗವ್ವ ಎರಡೂ ಕೈಗಳಿಂದ. ನಡುವೆ ಸಾವಿತ್ರಿ, ಬೆರಳುಗಳು ತುಟಿಗೆ ಒತ್ತಿಕೊಂಡಿವೆ. ಎಂದೋ ಒಮ್ಮೆ ಮನಸಾರೆ ನಗು ಬಂದಾಗಲೂ ಅವರ ಕೈ ಬಾಯಿಗೆ ಅಡ್ಡ ಹೋಗುವುದನ್ನು ಬಿಟ್ಟಿರಲಿಲ್ಲ. ಇಷ್ಟು ವರ್ಷ ನಕಾಶೆಯ ಮೇಲೆ ಕಡ್ಡಿ ಇಟ್ಟು ಅಂತರ್ಜಲದ ಪಾಠ ಮಾಡಿದ ನನಗೆ, ಆ ನೀರು ಒಬ್ಬರ ನಗುವಿನವರೆಗೂ ಏರುತ್ತದೆಂದು ತೋರಿಸಿದವಳು ನನ್ನ ಹೆಂಡತಿ. ಜೋಡಿಸಿಟ್ಟ ಮಾತುಗಳನ್ನು ಬಿಟ್ಟು, ಆಕೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

ಮರುದಿನವೇ ಆ ಫೋಟೋ ಹಿಡಿದುಕೊಂಡು ಮತ್ತೆ ಊರಿಗೆ ಹೋಗಬೇಕಾಯಿತು, ಪ್ರದರ್ಶನದ ಗೋಡೆಗೆ ಹಚ್ಚಲು ಪ್ರತಿಯೊಬ್ಬರ ಒಪ್ಪಿಗೆ ಕೇಳಲು. ಹೆಂಗಸರು ನೋಡಿ ಇನ್ನೊಮ್ಮೆ ನಕ್ಕು, “ಹಚ್ಚ್ರಿ ಅಕ್ಕಾರ” ಅಂದರು. ಸಾವಿತ್ರಿ ಮಾತ್ರ ಫೋಟೋದಲ್ಲಿದ್ದ ತನ್ನ ಬೆರಳುಗಳ ಮೇಲೆ ಕೈಯಾಡಿಸಿದಳು. “ಹಚ್ಚ್ರಿ. ಆದ್ರ ಆವತ್ತ ಮುಂಡರಗಿಗೆ ನಾನೂ ಬರ್ತೀನಿ” ಅಂದಳು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಫೋಟೋದ ಮೂಲೆಯಲ್ಲಿ ಅಂಗಾತ ಬಿದ್ದಿರುವ ಚಪ್ಪಲಿ ನನ್ನದು.

ಪ್ರದರ್ಶನಕ್ಕೆ ಬಂದ ಅಧಿಕಾರಿ ಅವಸರದಲ್ಲಿದ್ದರು. ಕಿವಿಗೆ ಫೋನು ಹಿಡಿದು ಗೋಡೆಯುದ್ದಕ್ಕೂ ನಡೆಯುತ್ತ ಬಂದವರು ಈ ಚಿತ್ರದ ಮುಂದೆ ಮುಗುಳ್ನಕ್ಕು ನಿಂತರು. “ಭಾಳ ಚಲೋ ಬಂದೈತ್ರಿ. ಎಲ್ಲಾರೂ ಖುಷಿಲೆ ಅದಾರ.” ಆಮೇಲೆ ಹತ್ತಿರ ಬಾಗಿ ನೋಡಿದರು. “ಆದ್ರ ಎಲ್ಲಾರೂ ಬಾಯಿ ಯಾಕ ಮುಚ್ಚಿಕೊಂಡಾರ?”

ಸುಮಿತ್ರಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಉತ್ತರ ಕೊಡಬೇಕಾದವಳು ಪಕ್ಕದಲ್ಲೇ ಇದ್ದಳು. ಸಾವಿತ್ರಿ ಮುಂದೆ ಬಂದಳು. ಕೈ ರೂಢಿಯಂತೆ ಮೇಲೇರಿತು, ಗದ್ದದ ಹತ್ತಿರ ನಿಂತಿತು, ಕೆಳಗಿಳಿಯಿತು.

“ನಮ್ಮೂರ ನೀರಿಗೆ ಹಲ್ಲು ಹಿಂಗ ಆಗ್ಯಾವ್ರಿ ಸರ್. ನಂದಂತೂ ಆತು. ನನ್ನ ತಮ್ಮಗ ಇನ್ನ ಹಾಲಹಲ್ಲು ಅದಾವ. ಅವನಿಗೆ ನಗಾಕ ಬಿಡ್ರಿ.”

ಅಧಿಕಾರಿ ಫೋನನ್ನು ಜೇಬಿಗೆ ಹಾಕಿಕೊಂಡರು. ಊರು ಯಾವುದು, ಯಂತ್ರ ಯಾವಾಗ ಕೆಟ್ಟದ್ದು, ಎಲ್ಲವನ್ನೂ ಅವಳಿಂದಲೇ ಕೇಳಿ ತಿಳಿದುಕೊಂಡರು. ಸ್ವಲ್ಪ ದಿನಗಳಲ್ಲಿ ಘಟಕದ ಬೀಗ ತೆಗೆದು ರಿಪೇರಿಯವರು ಒಳಗೆ ಹೋದರಂತೆ ಎಂಬ ಖಬರು ಬಂತು.

ನೀರು ಬಂದ ಮೇಲೆ ನೋಡಲು ಹೋದೆವು. ಘಟಕದ ಮುಂದೆ ಕೊಡಗಳ ಸಾಲು. ಸಾವಿತ್ರಿ ತುಂಬಿದ ಕೊಡ ಇಳಿಸಿ, “ಅಕ್ಕಾರ, ನಂದೊಂದು ಫೋಟೋ ತೆಗೀರಿ. ಕೈ ಅಡ್ಡ ಇರಲಾರದ್ದು” ಅಂದಳು. ಸುಮಿತ್ರಾ ಕ್ಯಾಮೆರಾ ಎತ್ತಿದಳು. ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. ಆದರೆ ಇಷ್ಟು ವರ್ಷ ಒಳಗಿದ್ದ ನಗು ಹೇಳಿದ ಕೂಡಲೇ ಬರುತ್ತದೆಯೇ? ತುಟಿ ಬಿಚ್ಚಲು ನೋಡುತ್ತಾಳೆ, ಆಗುತ್ತಿಲ್ಲ. ಕಣ್ಣು ತುಂಬಿ ಬಂತು. ಸುಮಿತ್ರಾ ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನನ್ನು ನೋಡಿದರು. ಇನ್ನೊಮ್ಮೆ ಬೀಳಬೇಕಾದ ಸರದಿ ನನ್ನದೆಂದು ಅರ್ಥವಾಯಿತು.

ಅವತ್ತು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿದ್ದೆ. ಇರಲಿ ಅಂದುಕೊಂಡೆ. ಕನ್ನಡಕ ತೆಗೆದು ಗಂಗವ್ವನ ಕೈಗೆ ಕೊಟ್ಟೆ. ಜೇಬಿನ ಪೆನ್ನು ಕೊಟ್ಟೆ. ಸೊಂಟಕ್ಕೆ ಹಿತವಾಗುವಂಥ ಮೆತ್ತನೆಯ ಜಾಗ ಹುಡುಕಿ, ಅಲ್ಲಿದ್ದ ಸಣ್ಣ ಕಲ್ಲೊಂದನ್ನು ಆಯ್ದು ಬದಿಗಿಟ್ಟೆ. ಯಾವ ಮಗ್ಗುಲಿಗೆ ಬಿದ್ದರೆ ಒಳ್ಳೆಯದೆಂದು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ವಾಲಿ ನೋಡಿದೆ. ಇನ್ನೇನು ಬೀಳಬೇಕು, ಅಷ್ಟರಲ್ಲಿ ಸಾವಿತ್ರಿಯ ನಗು ಸಿಡಿಯಿತು. ಹಲ್ಲುಗಳೆಲ್ಲ ಕಾಣುವ, ಕೈ ಅಡ್ಡವಿಲ್ಲದ ನಗು. ಕ್ಯಾಮೆರಾ ಕ್ಲಿಕ್ ಎಂದಿತು.

ನಾನು ಮಾತ್ರ ಎಡಕ್ಕೆ ವಾಲಿದವನು ಹಾಗೆಯೇ ನಿಂತಿದ್ದೆ, ಬೀಳುವುದೋ ಬೇಡವೋ ಎಂದು ಯಾರಾದರೂ ಹೇಳಲಿ ಎಂದು. ಗಂಗವ್ವ ಕನ್ನಡಕ ಸೆರಗಿನಿಂದ ಒರೆಸಿ ನನ್ನ ಕೈಗಿಡುತ್ತ ಹೇಳಿದಳು: “ಸಾಕ್ರಿ ಮಾಸ್ತರ, ಇವತ್ತ ಬೀಳಲಾರದನ ಪಾಸಾದ್ರಿ.”