ಹೆಬ್ಬೆರಳಿನ ಪಂಚಾಯ್ತಿ

“ಸೊಟ್ಟ ಅಂದ್ರಲ್ಲ ಸಾರ್, ಯಾವುದ್ನ ಸೊಟ್ಟ ಅಂದ್ರಿ?”

ಹಾಗೆ ಕೇಳಿ ನಾನು ಮಂಚದಿಂದ ಅರ್ಧ ಎದ್ದಿದ್ದೆ. ಡಾಕ್ಟರ್ ಮನೋಹರ್ ಅವತ್ತು ಆಡಿದ ಆ ಒಂದು ಮಾತು ನೆನೆದರೆ ನನಗೆ ಇವತ್ತಿಗೂ ಉರಿಯುತ್ತದೆ. ನಾನು ಹನುಮಂತಯ್ಯ, ಚನ್ನಪಟ್ಟಣದಲ್ಲಿ ಕೈಯಿಂದ ತಿರುಗಿಸುವ ಲೇತಿನ ಮೇಲೆ ಬೊಂಬೆ, ಬುಗುರಿ ಕಡೆಯುವವನು. ಹೋಗಿದ್ದು ಕಾಲಿನ ಹರಡು, ಅದೇ ಪಾದದ ಗಂಟು, ನೋಯುತ್ತಿದ್ದುದಕ್ಕೆ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ ಹೈವೇ ಪಕ್ಕ ಒಂದು ನರ್ಸಿಂಗ್ ಹೋಮ್ ಶುರುವಾಗಿತ್ತು. ಶನಿವಾರ ಶನಿವಾರ ಇವರು ಅಲ್ಲಿಗೆ ಬರುತ್ತಿದ್ದರು, ಬರೀ ಪಾದ ನೋಡುವ ಡಾಕ್ಟರು. ಪಕ್ಕದಲ್ಲಿ ನನ್ನ ಹೆಂಡತಿ ಮಾಯಮ್ಮ ನಿಂತಿದ್ದಳು.

ಡಾಕ್ಟರು: ಕೂತ್ಕೊಳ್ಳಿ. ಎಕ್ಸ್‌ರೇ ನೋಡಿ. ಹರಡಿನ ಕೀಲಲ್ಲಿ ಮೂಳೆ ಚೂರು ಸಿಕ್ಕಿಕೊಂಡಿದೆ. ಯಾವಾಗಲೋ ಕಾಲು ಹೊರಳಿರಬೇಕು.

ಮಾಯಮ್ಮ: ಹೋದ್ವರ್ಸ ಸಾ. ಕಂಡಕ್ಟರ್ ಮ್ಯಾಲೆ ಕ್ವಾಪ ಮಾಡ್ಕಂಡು, ಬಸ್ ನಿಲ್ಲಕ್ ಮುಂಚೆ ಧುಮುಕ್ಬುಟ್ರು.

ನಾನು: ಅವ್ನು ನನ್ನ ‘ತಾತ’ ಅಂದ ಕಣಮ್ಮಿ!

ಡಾಕ್ಟರು: ಸಣ್ಣ ಆಪರೇಷನ್. ಚೂರು ತೆಗೆದ್ರೆ ಸರಿಹೋಗುತ್ತೆ. ಜೊತೆಗೇ ನಾನು ಸೊಟ್ಟ ಅಂದ ಆ ಕಾಲಿನ ಹೆಬ್ಬೆರಳನ್ನೂ ಕೊಯ್ದು ನೆಟ್ಟಗೆ ಕೂರಿಸಿಬಿಡ್ತೀನಿ. ಒಂದು ಸಲ ಮತ್ತಿನ ಸೂಜಿ ಕೊಟ್ಟರೆ ಎರಡೂ ಮುಗಿಯುತ್ತೆ.

ನಾನು: ಇದೇನ್ ಆಷಾಢದ ಸೀರೆ ಸೇಲಾ ಸಾರ್, ಒಂದಕ್ಕೊಂದು ಫ್ರೀ?

ಮಾಯಮ್ಮ: ಮಾಡುಸ್ಕಳಿ ಅಂದ್ರೆ. ಇಪ್ಪತ್ ವರ್ಸದಿಂದ ಒಂದ್ ಚಪ್ಲಿ ಆ ಕಾಲ್ಗೆ ಹತ್ತಿಲ್ಲ. ಹೆಬ್ಬೆಟ್ಟು ಪಕ್ಕದ ಬೆಟ್ಟಿನ್ ಹೆಗಲ್ಮ್ಯಾಲೆ ಕುಂತೈತೆ.

ನಾನು: ಆ ಬೆಟ್ಟೇ ಕಣೆ ನಿಂಗೆ ಅನ್ನ ಹಾಕಿರಾದು!

ಡಾಕ್ಟರು: ಬೆರಳು ಅನ್ನ ಹಾಕುತ್ತಾ?

ನಾನು: ಬಲಗೈಲಿ ಬಿಲ್ಲು ಎಳುದ್ರೆ ಮರ ತಿರುಗ್ತದೆ. ಎಡಗೈಲಿ ಉಳಿ. ಉಳಿ ಅಳ್ಳಾಡ್ದಂಗೆ ಒತ್ತಿ ಹಿಡಿಯಾದು ಈ ಕಾಲಿನ್ ಹೆಬ್ಬೆಟ್ಟು. ಇಪ್ಪತ್ತೆಂಟು ವರ್ಸ ಒತ್ತಿ ಒತ್ತಿ ಉಳಿಗೆ ತಕ್ಕಂಗೆ ಬಗ್ಗೈತೆ. ನೀವು ನೆಟ್ಟಗ್ ಮಾಡುದ್ರೆ ಉಳಿ ಜಾರ್ತದೆ, ನನ್ ಬುಗುರಿ ಕುಡುದೋನಂಗೆ ಓಲಾಡ್ತದೆ.

ಡಾಕ್ಟರು: ಈಗ ಎಲ್ಲರೂ ಮೋಟರ್ ಹಾಕಿಕೊಂಡಿದ್ದಾರಲ್ಲ?

ನಾನು: ಮೋಟ್ರಿಗೆ ಕರೆಂಟ್ ಬೇಕು ಸಾರ್. ನನ್ ಬೆಟ್ಟಿಗೆ ಮುದ್ದೆ ಸಾಕು.

ಅವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಅವರ ಕೈಯಲ್ಲಿದ್ದ ಪೆನ್ನು ಕಿತ್ತುಕೊಂಡು ಹೆಬ್ಬೆರಳ ಸಂದಿಯಲ್ಲಿ ಸಿಕ್ಕಿಸಿದೆ.

ನಾನು: ಎಳ್ಕಳಿ ನೋಡವ.

ಡಾಕ್ಟರು ಒಂದು ಕೈಯಲ್ಲಿ ಎಳೆದರು, ಎರಡು ಕೈಯಲ್ಲಿ ಎಳೆದರು. ಪೆನ್ನು ಬರಲಿಲ್ಲ. ಅವರ ಚಕ್ರದ ಕುರ್ಚಿಯೇ ನನ್ನ ಕಡೆ ಉರುಳಿ ಬಂತು.

ಮಾಯಮ್ಮ: ಬುಟ್ಬುಡಿ ಅಂದ್ರೆ, ಆಮ್ಯಾಕೆ ದಪ್ಪದ್ ಸೂಜಿ ಚುಚ್ಚಾರು!

ಡಾಕ್ಟರು: ಹಿಡಿತ ಒಪ್ಕೊಂಡೆ. ಆದ್ರೆ ಮುಂದೆ ನೋಯುತ್ತೆ ಹನುಮಂತಯ್ಯ. ಬೂಟು ಹಾಕಿದ್ರೆ ನೋವು, ಬಿಚ್ಚಿದ್ರೆ ನೋವು. ನನಗೆ ಗೊತ್ತು.

ಈ ‘ನನಗೆ ಗೊತ್ತು’ ಪುಸ್ತಕ ಓದಿದವರ ಮಾತಿನ ಹಾಗಿರಲಿಲ್ಲ. ಕೆಳಗೆ ನೋಡಿದೆ. ಎಳೆದಾಟದಲ್ಲಿ ಅವರ ಎಡಗಾಲಿನ ಬೂಟು ಕಳಚಿತ್ತು. ಕಾಲುಚೀಲದೊಳಗೆ ಹೆಬ್ಬೆರಳು ನನ್ನದಕ್ಕಿಂತ ಒಂದು ಕೈ ಹೆಚ್ಚೇ ಬಗ್ಗಿತ್ತು.

ನಾನು: ಸಾರ್, ತಮ್ದು ಯಾವ ಉಳಿ ಹಿಡ್ದು ಬಗ್ತು?

ಡಾಕ್ಟರು: ಕಾಲೇಜಿಂದ ಚೂಪು ಬೂಟು ಹಾಕಿದ್ದು... ಎಲ್ಲಿ ಹೋಯ್ತು ಅದು?

ಮಾಯಮ್ಮ: ಅಯ್ಯೋ ಸಿವನೆ! ನೀವ್ಯಾಕ್ ಕುಯ್ಸ್ಕಂಡಿಲ್ಲ ಸಾ?

ಡಾಕ್ಟರು: ಪುರುಸೊತ್ತಾಗಿಲ್ಲಮ್ಮ.

ನಾನು: ಪುರುಸೊತ್ತೋ, ಪುಕ್ಕಲೋ?

ಡಾಕ್ಟರು ಫ್ಯಾನು ನೋಡಿದರು.

ಡಾಕ್ಟರು: ...ಎರಡೂ ಅನ್ನಿ.

ನಾನು: ಹಂಗಾರೆ ಕೇಳಿ. ಹರಡು ಕುಯ್ಕಳಿ, ನಾನು ಬ್ಯಾಡ ಅನ್ನಲ್ಲ. ಬೆಟ್ಟು ಮಾತ್ರ ಮುಟ್ಬ್ಯಾಡಿ. ಮೊದ್ಲು ನೀವು ನಿಮ್ದು ಕುಯ್ಸ್ಕಂಡು, ನಡ್ಕಂಡ್ ಬಂದು ತೋರ್ಸಿ. ಆಮೇಲೆ ನಂದು.

ಡಾಕ್ಟರು: ಆಯ್ತು. ಮಾತು ಕೊಟ್ಟೆ.

ಹರಡು ಚೆನ್ನಾಗಿಯೇ ಕೊಯ್ದರು, ಸುಳ್ಳು ಹೇಳಬಾರದು. ಎರಡು ತಿಂಗಳಿಗೆ ಲೇತಿನ ಮುಂದೆ ಕೂತೆ. ಆಮೇಲೆ ಎರಡು ವರ್ಷ, ಶನಿವಾರ ತಪ್ಪದೆ ನರ್ಸಿಂಗ್ ಹೋಮಿನ ಗೇಟಿನಲ್ಲಿ ನಿಂತು ವಸೂಲಿಗೆ ಬಂದವನ ಹಾಗೆ ಕೇಳಿದೆ: “ಸಾರ್, ಬೆಟ್ಟು?” ಅವರು ಕಾರಿನಿಂದ ಕುಂಟುತ್ತಾ ಇಳಿದು ಹೇಳುವರು: “ಬರೋ ತಿಂಗಳು, ಹನುಮಂತಯ್ಯ.”

ಒಂದು ದಿನ ಮಾಯಮ್ಮ ಜೊತೆಗೆ ಬಂದಿದ್ದಳು.

ಮಾಯಮ್ಮ: ಆವಯ್ಯನ್ನ ಯಾಕ್ ಹಂಗ್ ಕಾಡೀರಿ? ಅವ್ರು ಮಾತು ತೀರುಸ್ಬುಟ್ರೆ ಮುಂದ್ಲ ಸರದಿ ಯಾರ್ದು, ಒಸಿ ಗ್ಯಾನ ಐತಾ?

ಆಮೇಲಿಂದ ಶನಿವಾರ ನಾನು ಆ ರಸ್ತೆಗೇ ಹೋಗಿಲ್ಲ.