ಕಾಕಾ ಬರೆದ ತೊಂಬತ್ತು ಊಟ

ನಮ್ಮ ಕಾಕಾನ ಕೃಪೆಯಿಂದ ನನಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧ ತಪ್ಪಿಹೋಯಿತು. ಕಾರಣ? ಅಕ್ಕಿ!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಹೈದರಾಬಾದಿನಲ್ಲಿ ಸರಕಾರಿ ಸಮೀಕ್ಷೆಗಾಗಿ ಮನೆಮನೆಗೆ ಹೋಗಿ, ಯಾರು ಏನು ಉಂಡರು, ಎಷ್ಟು ಉಂಡರು ಎಂದು ಕೇಳಿ ಫಾರಂ ತುಂಬುವುದು ಅವರ ಕೆಲಸ. ದೇಶದಲ್ಲಿ ಬಡವರೆಷ್ಟು, ಅವರಿಗೂ ಸಿರಿವಂತರಿಗೂ ಅಂತರವೆಷ್ಟು ಎಂಬುದು ಇಂಥ ಫಾರಂಗಳಿಂದಲೇ ತಿಳಿಯುತ್ತದೆ. ಕೆಲಸ ಗುತ್ತಿಗೆಯದು, ನಿಷ್ಠೆ ಮಾತ್ರ ಕಾಯಂ!

ಲಿಂಗಂಪಲ್ಲಿಯ ಅವರ ಮನೆಯಲ್ಲಿದ್ದುಕೊಂಡು ನಾನು ಎಂ.ಎ. ಓದುತ್ತಿದ್ದಾಗ ಸಾಫ್ಟ್‌ವೇರ್ ಹುಡುಗನೊಬ್ಬ ನನ್ನನ್ನು ನೋಡಲು ಬಂದ. ಕಾಕಾ ಅವನ ಗೋತ್ರ ಕೇಳಲಿಲ್ಲ.

“ನಿಮ್ಮ ಮನ್ಯಾಗ ತಿಂಗಳಿಗೆ ಅಕ್ಕಿ ಎಷ್ಟು ಬೇಕಾಗ್ತೈತ್ರಿ?”

“ಗೊತ್ತಿಲ್ಲ ಅಂಕಲ್.”

“ಎಣ್ಣಿ?”

ಹುಡುಗನ ತಾಯಿ ಎದ್ದುನಿಂತರು. “ನಮ್ಮನ್ನ ಹೆಣ್ಣು ತೋರಸಾಕ ಕರದೀರೋ, ರೇಷನ್ ಕೊಡಾಕ ಕರದೀರೋ?”

ಅವರು ಹೋದ ಮೇಲೆ ಕಾಕಾ ತೀರ್ಪು ಕೊಟ್ಟರು: “ಹುಡುಗ ಭಾಳ ಶ್ರೀಮಂತ ಅದಾನ. ತಾ ಉಣ್ಣೂ ಅಕ್ಕಿ ಎಷ್ಟಂತ ಅವಗ ಗೊತ್ತಿಲ್ಲ. ಬಡವರನ್ನ ಕೇಳು, ಹಿಡಿ ಹಿಡಿ ಲೆಕ್ಕಾ ಹೇಳ್ತಾರ.” ಉಳಿದ ಶಿರಾವನ್ನು ಮೂರು ದಿನ ನಾನೊಬ್ಬಳೇ ತಿಂದೆ.

ಸಮೀಕ್ಷೆಗೆ ಹೋದಾಗ ಗುಡಿಸಲುಗಳಲ್ಲಿ ಕಾಕಾ ಚಹಾ ಮುಟ್ಟುತ್ತಿರಲಿಲ್ಲ. ಇವರಿಗಾಗಿ ಆ ಮನೆಯವರು ಪಕ್ಕದ ಮನೆಯಿಂದ ಸಕ್ಕರೆ ಕಡ ತರುತ್ತಾರೆ. ಆ ಸಕ್ಕರೆಯನ್ನು ಯಾರ ಮನೆಯ ಲೆಕ್ಕಕ್ಕೆ ಬರೆಯಬೇಕು? “ನಾ ಚಹಾ ಕುಡದ್ರ ದೇಶದ ಬಡತನಾನ ಕಮ್ಮಿ ಆಗಿಬಿಡ್ತೈತಿ!” ಎನ್ನುತ್ತಿದ್ದರು. ಬಂಗಲೆಗಳಲ್ಲಿ ಈ ಪೇಚಿಲ್ಲ. ಅಲ್ಲಿ ನೀರನ್ನೂ ಕೊಡುವುದಿಲ್ಲ!

ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲಿಯ ಒಂದು ಬಂಗಲೆ ಕಾಕಾನ ಪಟ್ಟಿಗೆ ಬಂತು. ಎಂಟು ದಿನ ಗೇಟಿನಾಚೆ ನಿಂತರು. ಕಾವಲುಗಾರ ಎಂಟು ದಿನವೂ ಒಂದೇ ಮಾತು ಹೇಳಿದ: “ಸಾಬ್ ನಕ್ಕೋ ಬೋಲೇ.” ಎಂದರೆ, ಸಾಹೇಬರು ಬೇಡ ಅಂದಿದ್ದಾರೆ. ಇತ್ತ ಮೇಲ್ವಿಚಾರಕನ ಫೋನು: ಮನೆಗೆ ಬೀಗ ಹಾಕಿದೆ ಎಂದು ಬರೆದು, ಅದರ ಬದಲು ಎದುರಿನ ಕೂಲಿಯವರ ಶೆಡ್ಡನ್ನು ಸೇರಿಸಿ; ಶನಿವಾರದೊಳಗೆ ಫಾರಂ ಬರದಿದ್ದರೆ ಸೋಮವಾರ ನೀವೂ ಬರಬೇಡಿ.

“ಬಂಗಲೆ ಬದಲು ಶೆಡ್ಡು ಬರದ್ರ ಕಾಗದದಾಗ ಎಲ್ಲಾರೂ ಸಮ ಆಗ್ತಾರ ನೋಡವ್ವಾ!” ಎಂದು ಕಾಕಾ ನಕ್ಕರು. “ಸಮಾನತೆ ತರೂದು ಎಷ್ಟು ಸಸಾರ ಐತಿ!”

ಹೆಣ್ಣುಮಗಳು ಜೊತೆಗಿದ್ದರೆ ಗೇಟು ತೆರೆದೀತೆಂದು ಶನಿವಾರ ನನ್ನನ್ನು ಕರೆದೊಯ್ದರು. ತೆರೆಯಿತು. ಮನೆಯೊಡತಿಗೆ ಅಕ್ಕಿ, ಎಣ್ಣೆ ಯಾವುದೂ ಗೊತ್ತಿರಲಿಲ್ಲ; ಅಡುಗೆಯವಳನ್ನು ಕರೆದರು. ಆಕೆ ರಾಯಚೂರು ಕಡೆಯವಳು. ಒಡತಿಗೆ ತಿಳಿಯದ ಕನ್ನಡದಲ್ಲಿ ಎಲ್ಲವನ್ನೂ ಚಿಟಿಕೆ ಲೆಕ್ಕದಲ್ಲಿ ಹೇಳಿದಳು, ನಾಯಿಗೆ ಹಾಕುವ ಕೋಳಿಯನ್ನೂ ಸೇರಿಸಿ.

ಕೊನೆಯ ಪ್ರಶ್ನೆಯನ್ನು ಕಾಕಾ ಒಡತಿಗೇ ಹಿಂದಿಯಲ್ಲಿ ಕೇಳಿದರು: ಕಳೆದ ಮೂವತ್ತು ದಿನಗಳಲ್ಲಿ ಮನೆಯವರಲ್ಲದವರಿಗೆ ಹಾಕಿದ ಊಟ ಎಷ್ಟು?

“ಇವಳದು ಮೂರು ಹೊತ್ತೂ ಇಲ್ಲೇ. ತೊಂಬತ್ತು ಬರೆಯಿರಿ” ಎಂದರು ಒಡತಿ.

ಕಾಕಾ ಅಡುಗೆಯವಳತ್ತ ತಿರುಗಿದರು. “ಖರೇ ಏನವ್ವಾ?”

ಆಕೆ ಮುಖದ ನಗು ಕದಲದಂತೆ ಹೇಳಿದಳು: “ಒಂದ್ ಹೊತ್ತೂ ಇಲ್ರಿ ಅಣ್ಣಾರ. ಉಳದದ್ದು ನಾಯಿಗಿ. ಅದನ್ನ ಬರೀಬ್ಯಾಡ್ರಿ, ನನ್ನ ಕೆಲಸಾ ಹೋಗ್ತೈತಿ.”

ಏನು ಹೇಳುತ್ತಿದ್ದಾಳೆ ಎಂದು ಒಡತಿ ಕೇಳಿದರು.

“ಹೊಟ್ಟೆ ತುಂಬ ಉಣ್ಣುತ್ತೇನೆ ಎನ್ನುತ್ತಿದ್ದಾಳೆ, ಮೇಡಂ” ಎಂದು ಕಾಕಾ ಹಿಂದಿಯಲ್ಲಿ ಹೇಳಿ, ತೊಂಬತ್ತು ಬರೆದರು. ಒಡತಿ ಓದಿನೋಡಿ ಸಹಿ ಹಾಕಿದರು. ಕಾಕಾನ ಕೆಲಸ ಉಳಿಯಿತು.

ಹೊರಗೆ ಬಂದ ಮೇಲೆ ನಾನು ಸುಮ್ಮನಿರಲಾಗದೆ, “ಈಗರ ಸೊನ್ನಿ ಮಾಡ್ರಿ ಕಾಕಾ” ಎಂದೆ.

“ಆಫೀಸಿನವ್ರು ಈ ಮನಿಗೆ ಫೋನ್ ಹಚ್ಚಿ ತಾಳೆ ನೋಡ್ತಾರವ್ವಾ. ನಂದು ಹೋದ್ರ ಹೋಗ್ಲಿ. ಆಕೀದು?”

ಬಸ್ಸಿನತ್ತ ಹೋಗದೆ ಅವರು ಗೇಟಿನೆದುರಿನ ಕಲ್ಲಿನ ಮೇಲೆ ಕುಳಿತುಬಿಟ್ಟರು. ನಾಲ್ಕು ಗಂಟೆಗೆ ಅಡುಗೆಯವಳು ಹೊರಗೆ ಬಂದಳು. ಕಾಕಾ ಎದ್ದು, ಚೀಲದಿಂದ ತಮ್ಮ ರೊಟ್ಟಿಯ ಡಬ್ಬಿ ತೆಗೆದು, ಎರಡೂ ಕೈಯಿಂದ ಚಾಚಿದರು.

“ತಗೋಳವ್ವಾ” ಎಂದರು. “ತೊಂಬತ್ತರಾಗ ಒಂದಾದ್ರೂ ಖರೇ ಆಗ್ಲಿ.”